ಕುಮಾರಪರ್ವತ ಒಂದು ದಿನದ ಚಾರಣ: ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಕಪಿಲಾ ಮತ್ತು ಕಾವೇರಿ ನದಿಗಳ ಬಯಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಆಸುಪಾಸಿನ ಎತ್ತರದಲ್ಲಿವೆ. ಮುಡುಕುತೊರೆಯ ಮಲ್ಲಿಕಾರ್ಜುನಸ್ವಾಮಿ ಬೆಟ್ಟದಂತಹ ಕೆಲವು ಗುಡ್ಡಗಳನ್ನು ಬಿಟ್ಟರೆ ಇಲ್ಲಿನ ಜನರಿಗೆ ನಿತ್ಯದ ಓಡಾಟದಲ್ಲಿ ಕಡಿದಾದ ಏರು ಎದುರಾಗುವುದಿಲ್ಲ. ಆದಾಗ್ಯೂ ಈ ತಾಲ್ಲೂಕುಗಳ ವಿದ್ಯಾರ್ಥಿಗಳು, ನೌಕರರು ಮತ್ತು ಸ್ನೇಹಿತರ ಬಳಗಗಳು ರಜಾ ದಿನಗಳಲ್ಲಿ ಪಶ್ಚಿಮ ಘಟ್ಟದ ಶಿಖರಗಳಿಗೆ ಚಾರಣ ಹೋಗುವುದುಂಟು. ಅಂತಹ ಶಿಖರಗಳ ಪೈಕಿ ಹೆಚ್ಚು ಹೆಸರಾದದ್ದು ಮತ್ತು ಹೆಚ್ಚು ಶ್ರಮ ಬೇಡುವಂಥದ್ದು ಕುಮಾರಪರ್ವತ.

ಈ ಪುಟದಲ್ಲಿ ಸದರಿ ಪರ್ವತದ ಪರಿಚಯ, ಮಾರ್ಗಗಳು, ಅನುಮತಿ, ವೇಳೆಯ ಲೆಕ್ಕ ಮತ್ತು ಸುರಕ್ಷತೆಯ ಬಗ್ಗೆ ಮಾಹಿತಿ ನೀಡಲಾಗಿದೆ. ಬೆಟ್ಟದಲ್ಲಿ ತೊಂದರೆಗೆ ಸಿಲುಕುವವರ ಪೈಕಿ ಅನೇಕರಿಗೆ ಕೊರತೆಯಾಗುವುದು ಧೈರ್ಯವಲ್ಲ, ಹಗಲಿನ ಬೆಳಕು. ಆದ್ದರಿಂದ ಸಾರ್ವಜನಿಕರು ಎಲ್ಲಕ್ಕಿಂತ ಮೊದಲು ಕಂಡಿಕೆ 5ರಲ್ಲಿನ ವೇಳೆಯ ಲೆಕ್ಕವನ್ನು ಓದಿಕೊಳ್ಳಬೇಕೆಂದು ಕೋರಲಾಗಿದೆ.

2. ಪರ್ವತದ ಪರಿಚಯ

ಕುಮಾರಪರ್ವತಕ್ಕೆ ಪುಷ್ಪಗಿರಿ ಎಂಬ ಹೆಸರೂ ಇದೆ. ಇದರ ಎತ್ತರ ಸಮುದ್ರಮಟ್ಟದಿಂದ 1,712 ಮೀಟರ್. ಕೊಡಗು ಜಿಲ್ಲೆಯಲ್ಲಿ 1,748 ಮೀಟರ್ ಎತ್ತರದ ತಡಿಯಂಡಮೋಳ್ ಶಿಖರದ ನಂತರದ ಸ್ಥಾನ ಇದರದ್ದು. ಪರ್ವತದ ಪೂರ್ವದ ಮಗ್ಗುಲು ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಕಡೆಗೂ, ಪಶ್ಚಿಮದ ಮಗ್ಗುಲು ದಕ್ಷಿಣ ಕನ್ನಡ ಜಿಲ್ಲೆಯ ಕುಕ್ಕೆ ಸುಬ್ರಹ್ಮಣ್ಯದ ಕಡೆಗೂ ಇಳಿಯುತ್ತವೆ. ಪುಷ್ಪಗಿರಿ ವನ್ಯಜೀವಿ ಅಭಯಾರಣ್ಯವು 2012ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿತವಾದ ಪಶ್ಚಿಮ ಘಟ್ಟದ 39 ಪ್ರದೇಶಗಳ ಪೈಕಿ ಒಂದಾಗಿದೆ.

ಪರ್ವತದ ತಪ್ಪಲಿನಲ್ಲಿ ದಟ್ಟವಾದ ನಿತ್ಯಹರಿದ್ವರ್ಣ ಕಾಡು, ಮೇಲ್ಭಾಗದಲ್ಲಿ ಬಯಲು ಹುಲ್ಲುಗಾವಲು, ಹುಲ್ಲುಗಾವಲಿನ ಕಣಿವೆಗಳಲ್ಲಿ ಶೋಲಾ ಕಾಡುಗಳು ಇವೆ. ಆನೆ, ಕಾಟಿ, ಕೆಂಜಳಿಲು ಮುಂತಾದ ವನ್ಯಜೀವಿಗಳಿಗೆ ಇದು ಆಶ್ರಯ. ತಾರಕಾಸುರನನ್ನು ಸಂಹರಿಸಿದ ಕುಮಾರಸ್ವಾಮಿಯು ಇಲ್ಲಿನ ನೀರಿನಲ್ಲಿ ತನ್ನ ಆಯುಧವನ್ನು ತೊಳೆದನೆಂದೂ, ಆ ಕಾರಣದಿಂದ ನದಿಗೆ ಕುಮಾರಧಾರೆ ಎಂಬ ಹೆಸರು ಬಂದಿತೆಂದೂ ಸ್ಥಳಪುರಾಣವಿದೆ.

ನಮ್ಮ ಎರಡು ತಾಲ್ಲೂಕುಗಳ ಜನರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ಪರ್ವತಶ್ರೇಣಿಯು ನೀರನ್ನು ಎರಡು ದಿಕ್ಕಿಗೆ ಹಂಚುತ್ತದೆ. ಪಶ್ಚಿಮಕ್ಕೆ ಬಿದ್ದ ಮಳೆ ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ, ಪುಷ್ಪಗಿರಿ ಬೆಟ್ಟಗಳಲ್ಲಿ ಹುಟ್ಟುವ ಹಾರಂಗಿ ನದಿಯು ಕುಶಾಲನಗರದ ಸಮೀಪ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಆ ನೀರು ಕೃಷ್ಣರಾಜಸಾಗರದ ಮೂಲಕ ಹಾದು ತಿರುಮಕೂಡಲಿನ ಸಂಗಮವನ್ನು ತಲುಪುತ್ತದೆ. ಆದಕಾರಣ ಈ ಬೆಟ್ಟದ ಮೇಲಿನ ಹುಲ್ಲು ಮತ್ತು ಕಾಡಿನ ರಕ್ಷಣೆಯು ಬಯಲುಸೀಮೆಯ ನಮಗೂ ಸಂಬಂಧಿಸಿದ ವಿಷಯವಾಗಿದೆ.

3. ಮಾರ್ಗಗಳು

ಶಿಖರಕ್ಕೆ ಪ್ರಮುಖವಾಗಿ ಎರಡು ಮಾರ್ಗಗಳಿವೆ.

(ಅ) ಕುಕ್ಕೆ ಸುಬ್ರಹ್ಮಣ್ಯ ಮಾರ್ಗ: ಒಂದು ಬದಿಗೆ ಸುಮಾರು 13 ಕಿಲೋಮೀಟರ್. ಸುಬ್ರಹ್ಮಣ್ಯವು ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ ಮಾತ್ರ ಇರುವುದರಿಂದ ಒಟ್ಟು ಏರಿಕೆ ಸುಮಾರು 1,600 ಮೀಟರ್. ಮೊದಲ ಐದಾರು ಕಿಲೋಮೀಟರ್ ದಟ್ಟವಾದ ಕಾಡಿನೊಳಗೆ, ಬೇರು ಮತ್ತು ಕಲ್ಲುಗಳ ಮೇಲೆ ಸಾಗುತ್ತದೆ. ಈ ಭಾಗದಲ್ಲಿ ಭೀಮನ ಬಂಡೆ ಎಂಬ ದೊಡ್ಡ ಬಂಡೆ ಸಿಗುತ್ತದೆ. ನಂತರ ಗಿರಿಗದ್ದೆಯಲ್ಲಿ ಭಟ್ಟರ ಮನೆ ಎಂದು ಪ್ರಸಿದ್ಧವಾದ ಸ್ಥಳ ಮತ್ತು ಅರಣ್ಯ ಇಲಾಖೆಯ ಚೌಕಿ ಇವೆ. ಅಲ್ಲಿಂದ ಮುಂದೆ ಬಯಲು ಹುಲ್ಲುಗಾವಲಿನ ಏರು. ಮರದ ನೆರಳು ಅತಿ ವಿರಳ. ಕಲ್ಲುಮಂಟಪ ಮತ್ತು ಶೇಷಪರ್ವತವನ್ನು ದಾಟಿ, ಮತ್ತೊಮ್ಮೆ ಕಾಡಿನೊಳಗೆ ಇಳಿದು ಹತ್ತಿದ ನಂತರ ಕುಮಾರಪರ್ವತದ ನೆತ್ತಿ ದೊರೆಯುತ್ತದೆ. ಶೇಷಪರ್ವತವನ್ನೇ ಶಿಖರವೆಂದು ಭಾವಿಸಿ ಅಲ್ಲಿಯವರೆಗೆ ಶಕ್ತಿಯನ್ನೆಲ್ಲ ವ್ಯಯಿಸುವುದು ಹೊಸಬರು ಮಾಡುವ ತಪ್ಪಾಗಿದೆ.

(ಆ) ಬೀದಳ್ಳಿ ಮಾರ್ಗ: ಸೋಮವಾರಪೇಟೆ ತಾಲ್ಲೂಕಿನ ಬೀದಳ್ಳಿ, ಹೆಗ್ಗಡೆಮನೆ ಕಡೆಯಿಂದ ಒಂದು ಬದಿಗೆ ಸುಮಾರು 7 ಕಿಲೋಮೀಟರ್. ಆರಂಭದ ಸ್ಥಳವೇ ಘಟ್ಟದ ಮೇಲಿರುವುದರಿಂದ ಏರಿಕೆಯ ಪ್ರಮಾಣ ಗಣನೀಯವಾಗಿ ಕಡಿಮೆ, ಹಾಗೂ ಹೆಚ್ಚಿನ ದಾರಿ ಕಾಡಿನ ನೆರಳಿನಲ್ಲಿದೆ. ಆದರೆ ಶಿಖರದ ಸಮೀಪ ಇಳಿಜಾರಾದ ಹಾಸುಬಂಡೆಯನ್ನು ಹತ್ತಬೇಕಾಗುತ್ತದೆ. ಬಂಡೆ ಒದ್ದೆಯಾಗಿದ್ದಲ್ಲಿ ಹತ್ತುವುದಕ್ಕಿಂತ ಇಳಿಯುವುದು ಅಪಾಯಕರ.

ತುಲನೆಗಾಗಿ: ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಪಾದದಿಂದ ನೆತ್ತಿಯವರೆಗೆ ಹತ್ತಿದರೆ ಆಗುವ ಏರಿಕೆ ಸುಮಾರು 250ರಿಂದ 300 ಮೀಟರ್. ಅಂದರೆ ಸುಬ್ರಹ್ಮಣ್ಯ ಮಾರ್ಗದ ಏರಿಕೆಯು ಚಾಮುಂಡಿ ಬೆಟ್ಟವನ್ನು ಒಂದೇ ದಿನದಲ್ಲಿ ಐದು ಬಾರಿಗಿಂತ ಹೆಚ್ಚು ಹತ್ತುವುದಕ್ಕೆ ಸಮ. ಅದೂ ಮೆಟ್ಟಿಲುಗಳಿಲ್ಲದ ದಾರಿಯಲ್ಲಿ.

4. ಅನುಮತಿ ಮತ್ತು ಋತು

ಅಭಯಾರಣ್ಯದೊಳಗೆ ಪ್ರವೇಶವು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಉಪಬಂಧಗಳಿಗೆ ಒಳಪಟ್ಟಿದ್ದು, ಅನುಮತಿ ಇಲ್ಲದೆ ಪ್ರವೇಶಿಸುವಂತಿಲ್ಲ. 2024ರ ಜನವರಿ ಅಂತ್ಯದಲ್ಲಿ ಗಣರಾಜ್ಯೋತ್ಸವದ ಸಾಲು ರಜೆಯ ಸಂದರ್ಭದಲ್ಲಿ ಸಾವಿರಾರು ಜನರು ಏಕಕಾಲಕ್ಕೆ ಈ ಪರ್ವತಕ್ಕೆ ಬಂದ ಕಾರಣ ಕಾಲುದಾರಿಯಲ್ಲಿ ತೀವ್ರ ದಟ್ಟಣೆ ಉಂಟಾಗಿತ್ತು. ತದನಂತರ ರಾಜ್ಯದ ಚಾರಣ ಪಥಗಳಿಗೆ ಆನ್‌ಲೈನ್ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿ, ದಿನವೊಂದಕ್ಕೆ ಬಿಡುವ ಚಾರಣಿಗರ ಸಂಖ್ಯೆಗೆ ಮಿತಿ ವಿಧಿಸಲಾಯಿತು. ನೋಂದಣಿಯನ್ನು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಮಾಡಿಕೊಳ್ಳತಕ್ಕದ್ದು.

ಚಾರಣಿಗರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು:

• ಮಳೆಗಾಲದಲ್ಲಿ ಹಾಗೂ ಕಾಳ್ಗಿಚ್ಚಿನ ಭೀತಿ ಇರುವ ಬೇಸಿಗೆಯ ದಿನಗಳಲ್ಲಿ ಪಥವನ್ನು ಮುಚ್ಚಲಾಗುತ್ತದೆ. ಮುಚ್ಚುವ ಮತ್ತು ತೆರೆಯುವ ದಿನಾಂಕಗಳು ವರ್ಷದಿಂದ ವರ್ಷಕ್ಕೆ ವ್ಯತ್ಯಾಸವಾಗುವುದರಿಂದ ಹೊರಡುವ ಮುನ್ನ ಖಚಿತಪಡಿಸಿಕೊಳ್ಳತಕ್ಕದ್ದು.
• ಮಳೆ ಹಿಂದೆ ಸರಿದ ನಂತರದಿಂದ ಜನವರಿಯವರೆಗಿನ ಅವಧಿ ಚಾರಣಕ್ಕೆ ಸೂಕ್ತವಾಗಿದೆ. ಅಕ್ಟೋಬರ್ ತಿಂಗಳಲ್ಲಿ ಮಧ್ಯಾಹ್ನದ ನಂತರ ಗುಡುಗು ಮಳೆಯ ಸಾಧ್ಯತೆ ಇರುತ್ತದೆ.
• ನೋಂದಣಿಯ ಪ್ರತಿ ಮತ್ತು ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಪ್ರತಿಯೊಬ್ಬರೂ ತಮ್ಮ ಬಳಿ ಇಟ್ಟುಕೊಳ್ಳತಕ್ಕದ್ದು.
• ಶಿಖರದ ಮೇಲೆ ಡೇರೆ ಹಾಕಿ ರಾತ್ರಿ ತಂಗಲು ಅವಕಾಶವಿಲ್ಲ. ಕತ್ತಲಾಯಿತೆಂಬ ಕಾರಣಕ್ಕೆ ಮೇಲೆಯೇ ಉಳಿಯಬಹುದೆಂಬ ಯೋಜನೆಯನ್ನು ಯಾರೂ ಹಾಕಿಕೊಳ್ಳಬಾರದು.

5. ವೇಳೆಯ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಎಂಬುವರು 1892ರಲ್ಲಿ ಬೆಟ್ಟದ ನಡಿಗೆಗೆ ತಗಲುವ ವೇಳೆಯನ್ನು ಅಂದಾಜಿಸುವ ಒಂದು ಸರಳ ಸೂತ್ರವನ್ನು ನೀಡಿದರು. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದರಂತೆ ಸುಬ್ರಹ್ಮಣ್ಯ ಮಾರ್ಗದ ಏರಿಕೆಗೆ ಸುಮಾರು ಐದೂಕಾಲು ಗಂಟೆ ಬೇಕಾಗುತ್ತದೆ. ಆದರೆ ಈ ಸೂತ್ರವು ಅಭ್ಯಾಸವಿರುವ, ಎಲ್ಲಿಯೂ ನಿಲ್ಲದೆ ನಡೆಯುವ ವ್ಯಕ್ತಿಗೆ ಅನ್ವಯಿಸುವಂಥದ್ದು. ಬೆಟ್ಟ ಹತ್ತಿ ರೂಢಿ ಇಲ್ಲದವರು ಆರೂವರೆ ಗಂಟೆ ಹಿಡಿಯುವುದು ಕ್ಷೇಮ.

ಈಗ ಡಿಸೆಂಬರ್ ತಿಂಗಳ ಒಂದು ದಿನದ ಜಮಾ-ಖರ್ಚು ಹೀಗಿರುತ್ತದೆ.

ಜಮೆ: ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲು — ಸುಮಾರು 11½ ಗಂಟೆ.

ಖರ್ಚು, ಸುಬ್ರಹ್ಮಣ್ಯ ಮಾರ್ಗ, ಹೊಸಬರಿಗೆ: ಏರಿಕೆ 6½ ಗಂಟೆ; ಊಟ, ವಿಶ್ರಾಂತಿ ಮತ್ತು ಚೌಕಿಯ ತಪಾಸಣೆ 1 ಗಂಟೆ; ಶಿಖರದಲ್ಲಿ ½ ಗಂಟೆ; ಇಳಿಕೆ 4½ ಗಂಟೆ. ಒಟ್ಟು 12½ ಗಂಟೆ. ಕೊರತೆ 1 ಗಂಟೆ.

ಖರ್ಚು, ಬೀದಳ್ಳಿ ಮಾರ್ಗ, ಹೊಸಬರಿಗೆ: ಏರಿಕೆ 4 ಗಂಟೆ, ಊಟ, ವಿಶ್ರಾಂತಿ ಮತ್ತು ತಪಾಸಣೆ 1 ಗಂಟೆ, ಶಿಖರದಲ್ಲಿ ½ ಗಂಟೆ, ಇಳಿಕೆ 3 ಗಂಟೆ. ಒಟ್ಟು 8½ ಗಂಟೆ. ಶಿಲ್ಕು 3 ಗಂಟೆ.

ಮೇಲ್ಕಂಡ ಲೆಕ್ಕದಿಂದ ಸ್ಪಷ್ಟವಾಗುವುದೇನೆಂದರೆ, ಅಭ್ಯಾಸವಿಲ್ಲದವರು ಸುಬ್ರಹ್ಮಣ್ಯದಿಂದ ಹೊರಟು ಶಿಖರ ಮುಟ್ಟಿ ಅದೇ ದಿನ ಸುಬ್ರಹ್ಮಣ್ಯಕ್ಕೆ ಮರಳುವುದು ಹಗಲಿನ ಬೆಳಕಿನಲ್ಲಿ ಆಗುವ ಕೆಲಸವಲ್ಲ. ಈ ಒಂದು ಗಂಟೆಯ ಕೊರತೆಯು ಬೀಳುವುದು ದಿನದ ಕೊನೆಯಲ್ಲಿ. ಆ ವೇಳೆಗೆ ಚಾರಣಿಗರು ಭಟ್ಟರ ಮನೆಯಿಂದ ಕೆಳಗಿನ ದಟ್ಟವಾದ ಕಾಡಿನಲ್ಲಿರುತ್ತಾರೆ. ಮರಗಳ ಕೆಳಗೆ ಕತ್ತಲೆಯು ಬಯಲಿಗಿಂತ ಮೊದಲೇ ಕವಿಯುತ್ತದೆ, ಕಾಲು ದಣಿದಿರುತ್ತದೆ, ನೀರು ಮುಗಿದಿರುತ್ತದೆ, ಆನೆ ಮತ್ತು ಕಾಟಿಗಳು ಓಡಾಡುವ ಹೊತ್ತೂ ಅದೇ ಆಗಿರುತ್ತದೆ.

ಆದ್ದರಿಂದ ಮೊದಲ ಬಾರಿಗೆ ಹೋಗುವವರು ಬೀದಳ್ಳಿ ಮಾರ್ಗವನ್ನು ಆರಿಸಿಕೊಳ್ಳುವುದು ಸೂಕ್ತ. ಸುಬ್ರಹ್ಮಣ್ಯ ಮಾರ್ಗದಲ್ಲಿಯೇ ಹೋಗಬೇಕೆನ್ನುವವರು ಕಲ್ಲುಮಂಟಪವನ್ನೋ ಶೇಷಪರ್ವತವನ್ನೋ ಆ ದಿನದ ಗುರಿಯಾಗಿ ಇಟ್ಟುಕೊಳ್ಳಬಹುದು.

6. ಹಿಂತಿರುಗುವ ವೇಳೆ

ಪ್ರತಿಯೊಂದು ತಂಡವೂ ಹೊರಡುವ ಮುನ್ನವೇ ಹಿಂತಿರುಗುವ ವೇಳೆಯನ್ನು ನಿಗದಿಪಡಿಸಿಕೊಳ್ಳತಕ್ಕದ್ದು. ಬೆಳಿಗ್ಗೆ 6.30ಕ್ಕೆ ಹೊರಡುವವರಿಗೆ ಮಧ್ಯಾಹ್ನ 12 ಗಂಟೆಯು ಸೂಕ್ತವಾದ ಮಿತಿ. ಆ ವೇಳೆಗೆ ಐದೂವರೆ ಗಂಟೆ ಹತ್ತಿದಂತಾಗುತ್ತದೆ. ಇಳಿಯಲು ನಾಲ್ಕು ಗಂಟೆ ಹಿಡಿದರೂ ಸಂಜೆ 4ರ ವೇಳೆಗೆ ಕೆಳಗೆ ತಲುಪಬಹುದು. ಉಳಿದ ಎರಡು ಗಂಟೆಯು ಕಾಲು ಉಳುಕಿದವರಿಗಾಗಿ, ದಾರಿ ತಪ್ಪಿದವರಿಗಾಗಿ, ಮಳೆಗೆ ನಿಂತವರಿಗಾಗಿ ಇಟ್ಟ ಮೀಸಲು. ಈ ಮೀಸಲನ್ನು ಛಾಯಾಚಿತ್ರಕ್ಕಾಗಿ ಖರ್ಚು ಮಾಡತಕ್ಕದ್ದಲ್ಲ. ಚೌಕಿಯಲ್ಲಿ ಇದಕ್ಕಿಂತ ಮೊದಲಿನ ವೇಳೆಯನ್ನು ಸೂಚಿಸಿದ್ದಲ್ಲಿ ಆ ವೇಳೆಯೇ ಅನ್ವಯಿಸುತ್ತದೆ.

12 ಗಂಟೆಗೆ ಶಿಖರವು ಎದುರಿಗೇ ಕಾಣುತ್ತಿದ್ದರೂ ಹಿಂತಿರುಗತಕ್ಕದ್ದು. “ಇನ್ನೇನು, ಅರ್ಧ ಗಂಟೆಯ ದಾರಿ” ಎಂಬ ಮಾತಿಗೆ ಕಿವಿಗೊಡಬಾರದು. ಮೇಲಕ್ಕೆ ಅರ್ಧ ಗಂಟೆಯ ದಾರಿಯು ಹೋಗಿ ಬರುವಷ್ಟರಲ್ಲಿ ಒಂದು ಗಂಟೆಯಾಗುತ್ತದೆ. ವೇಳೆಯನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನು ತಂಡದ ಒಬ್ಬರಿಗೆ ವಹಿಸಿ, ಅವರ ಮಾತನ್ನು ಎಲ್ಲರೂ ಪಾಲಿಸುವುದಾಗಿ ಮೊದಲೇ ಒಪ್ಪಿಕೊಳ್ಳುವುದು ಉತ್ತಮ. ತಂಡದ ವೇಗವೆಂದರೆ ಅದರಲ್ಲಿನ ಅತಿ ನಿಧಾನಿಯ ವೇಗ. ಹಿಂದೆ ಬಿದ್ದವರನ್ನು ಒಂಟಿಯಾಗಿ ಬಿಟ್ಟು ಮುಂದೆ ಹೋಗತಕ್ಕದ್ದಲ್ಲ.

7. ಪ್ರಯಾಣ

ನಂಜನಗೂಡು ಮತ್ತು ತಿ. ನರಸೀಪುರದಿಂದ ಮೈಸೂರಿನ ಮೂಲಕ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಸೋಮವಾರಪೇಟೆ ಮಾರ್ಗವಾಗಿ ಬೀದಳ್ಳಿ ಕಡೆಗೆ ಹೋಗಬಹುದು. ಕುಕ್ಕೆ ಸುಬ್ರಹ್ಮಣ್ಯಕ್ಕೆ ಮೈಸೂರಿನಿಂದ ಬಸ್ ಸೌಕರ್ಯವಿದೆ. ರೈಲಿನಲ್ಲಿ ಬರುವವರು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯತಕ್ಕದ್ದು.

ಚಾರಣವು ಒಂದು ದಿನದ್ದಾದರೂ ಪ್ರಯಾಣವನ್ನು ಅದೇ ದಿನದಲ್ಲಿ ಸೇರಿಸಬಾರದು. ಮಧ್ಯರಾತ್ರಿ ಊರು ಬಿಟ್ಟು, ನಿದ್ದೆಯಿಲ್ಲದೆ ಬೆಟ್ಟ ಹತ್ತಿ, ಅದೇ ಸಂಜೆ ಸ್ವತಃ ವಾಹನ ಚಲಾಯಿಸಿಕೊಂಡು ಮರಳುವುದು ಬೆಟ್ಟದಷ್ಟೇ ಅಪಾಯಕರ. ಹಿಂದಿನ ರಾತ್ರಿ ಸುಬ್ರಹ್ಮಣ್ಯ ಅಥವಾ ಸೋಮವಾರಪೇಟೆಯಲ್ಲಿ ತಂಗುವುದು, ಹಾಗೂ ಹಿಂತಿರುಗುವಾಗ ಬೆಟ್ಟ ಹತ್ತದ ಚಾಲಕರನ್ನು ಗೊತ್ತುಮಾಡಿಕೊಳ್ಳುವುದು ಅಥವಾ ಆ ರಾತ್ರಿಯೂ ಅಲ್ಲಿಯೇ ಉಳಿಯುವುದು ಸೂಕ್ತ.

8. ಪೂರ್ವಸಿದ್ಧತೆ

• ಕನಿಷ್ಠ ಆರು ವಾರ ಮೊದಲಿನಿಂದ ಪ್ರತಿದಿನ ಬಿರುಸಾದ ನಡಿಗೆ, ವಾರಕ್ಕೊಮ್ಮೆ ಬೆಟ್ಟ ಹತ್ತುವ ಅಭ್ಯಾಸ ಮಾಡುವುದು. ತಿ. ನರಸೀಪುರ ತಾಲ್ಲೂಕಿನವರು ಮುಡುಕುತೊರೆ ಬೆಟ್ಟದಿಂದ ಆರಂಭಿಸಬಹುದು. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಬೆನ್ನುಚೀಲ ಸಹಿತ ಸತತವಾಗಿ ಎರಡು ಬಾರಿ ಹತ್ತಿ ಇಳಿದು, ಮರುದಿನ ಎಂದಿನಂತೆ ನಡೆಯಬಲ್ಲವರು ಬೀದಳ್ಳಿ ಮಾರ್ಗಕ್ಕೆ ಸಿದ್ಧರೆಂದು ತಿಳಿಯಬಹುದು.
• ಹೃದ್ರೋಗ, ಅಸ್ತಮಾ, ಅಧಿಕ ರಕ್ತದೊತ್ತಡ, ಮಧುಮೇಹ ಅಥವಾ ಮೊಣಕಾಲಿನ ತೊಂದರೆ ಇರುವವರು ವೈದ್ಯರ ಸಲಹೆ ಪಡೆಯದೆ ಹೊರಡತಕ್ಕದ್ದಲ್ಲ.
• ಒಬ್ಬರಿಗೆ ಕನಿಷ್ಠ 3ರಿಂದ 4 ಲೀಟರ್ ನೀರು. ಕಲ್ಲುಮಂಟಪದ ಬಳಿಯ ತೊರೆಯು ಬೇಸಿಗೆ ಸಮೀಪಿಸಿದಂತೆ ಬತ್ತುವುದರಿಂದ ಅದನ್ನು ನೆಚ್ಚಿಕೊಳ್ಳಬಾರದು.
• ಮಧ್ಯಾಹ್ನದ ಬುತ್ತಿ, ಕಡಲೆಮಿಠಾಯಿ, ಬಾಳೆಹಣ್ಣು, ಓ.ಆರ್.ಎಸ್. ಪೊಟ್ಟಣಗಳು.
• ಹಿಡಿತವಿರುವ ಅಡಿಯ ಬೂಟು, ಟೋಪಿ, ಮಳೆ ಅಂಗಿ, ಪ್ರಥಮ ಚಿಕಿತ್ಸೆಯ ಸಾಮಗ್ರಿ, ಶಿಳ್ಳೆ, ಹಾಗೂ ಪ್ರತಿಯೊಬ್ಬರಿಗೂ ಒಂದು ಟಾರ್ಚ್. ಮೊಬೈಲ್ ದೂರವಾಣಿಯ ಬೆಳಕು ಟಾರ್ಚಿಗೆ ಬದಲಿಯಲ್ಲ.
• ಮಳೆಯ ನಂತರದ ವಾರಗಳಲ್ಲಿ ಕಾಡಿನ ದಾರಿಯಲ್ಲಿ ಉಂಬಳದ ಕಾಟವಿರುತ್ತದೆ. ಉದ್ದ ಕಾಲುಚೀಲ ಧರಿಸಿ, ಸ್ವಲ್ಪ ಉಪ್ಪನ್ನು ಇಟ್ಟುಕೊಳ್ಳುವುದು.

9. ಅಪಾಯದ ಸಂದರ್ಭಗಳು

ಬಿಸಿಲಿನ ಬಾಧೆ: ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ ಕಂಡುಬಂದಲ್ಲಿ ಕೂಡಲೇ ನೆರಳಿನಲ್ಲಿ ಕೂರಿಸಿ ಓ.ಆರ್.ಎಸ್. ನೀಡುವುದು, ಆ ವ್ಯಕ್ತಿಯನ್ನು ಮೇಲಕ್ಕೆ ಕರೆದೊಯ್ಯತಕ್ಕದ್ದಲ್ಲ. ಮಾತು ತೊದಲುವುದು ಅಥವಾ ಪ್ರಜ್ಞೆ ಮಸುಕಾಗುವುದು ಕಂಡಲ್ಲಿ ಜೀವಕ್ಕೆ ಅಪಾಯವಿದೆಯೆಂದು ತಿಳಿದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ ನೆರವಿಗೆ ಕರೆ ಮಾಡುವುದು.

ಮಂಜು ಮತ್ತು ಸಿಡಿಲು: ಹುಲ್ಲುಗಾವಲಿನಲ್ಲಿ ಮಂಜು ಕವಿದು ದಾರಿ ಕಾಣದಾದಲ್ಲಿ ಹುಡುಕಾಡದೆ ಒಂದೆಡೆ ಒಟ್ಟಾಗಿ ನಿಲ್ಲುವುದು. ಗುಡುಗು ಕೇಳಿಸಿದೊಡನೆ ಬೆಟ್ಟದ ಏಣಿನಿಂದ ಕೆಳಗಿಳಿಯುವುದು. ಒಂಟಿ ಮರದ ಕೆಳಗೆ ನಿಲ್ಲಬಾರದು.

ಕಾಡಾನೆ: ಕೂಗಾಡದೆ, ಚಿತ್ರ ತೆಗೆಯಲು ನಿಲ್ಲದೆ, ಬಂದ ದಾರಿಯಲ್ಲಿ ಹಿಂದೆ ಸರಿಯುವುದು.

ಹಾವು ಕಡಿತ: ಕಚ್ಚಿದ ಅಂಗವನ್ನು ಅಲುಗಿಸದೆ ಇಡುವುದು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಇವುಗಳನ್ನು ಮಾಡತಕ್ಕದ್ದಲ್ಲ. ತಡಮಾಡದೆ ಆಸ್ಪತ್ರೆಗೆ ಸಾಗಿಸುವುದು.

ತುರ್ತು ಸಂದರ್ಭದಲ್ಲಿ 112ಕ್ಕೆ, ಆಂಬ್ಯುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬಹುದು. ಬೆಟ್ಟದ ಎಲ್ಲೆಡೆ ಮೊಬೈಲ್ ಸಂಪರ್ಕ ದೊರೆಯುವುದಿಲ್ಲ. ಆದ್ದರಿಂದ ತಂಡದ ಸದಸ್ಯರ ಹೆಸರು, ಮಾರ್ಗ, ವಾಹನದ ಸಂಖ್ಯೆ, ಹಿಂತಿರುಗುವ ವೇಳೆ ಇವುಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ಕೊಟ್ಟು ಹೋಗತಕ್ಕದ್ದು. ನಿಗದಿತ ವೇಳೆಯಾದ ಎರಡು ಗಂಟೆಯೊಳಗೆ ಕರೆ ಬಾರದಿದ್ದಲ್ಲಿ ಮನೆಯವರು 112ಕ್ಕೆ ತಿಳಿಸುವಂತೆ ಹೇಳಿ ಹೋಗುವುದು.

10. ಕಾಡಿನಲ್ಲಿ ಪಾಲಿಸಬೇಕಾದ ನಿಯಮಗಳು

ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ಅಥವಾ ಉರಿಯುವ ಬೆಂಕಿಯನ್ನು ಬಿಟ್ಟು ಬರುವುದು 1972ರ ಅಧಿನಿಯಮದ 30ನೇ ಪ್ರಕರಣದ ಮೇರೆಗೆ ನಿಷಿದ್ಧ. ಒಣಹುಲ್ಲಿಗೆ ಬಿದ್ದ ಒಂದು ಬೀಡಿಯ ತುಂಡು ಇಡೀ ಗುಡ್ಡವನ್ನು ಸುಡಬಲ್ಲದು. ಒಯ್ದ ಪ್ಲಾಸ್ಟಿಕ್ ಬಾಟಲಿ ಮತ್ತು ತಿಂಡಿಯ ಹೊದಿಕೆಗಳನ್ನು ಎಣಿಸಿಕೊಂಡು ಹಿಂದಕ್ಕೆ ತರತಕ್ಕದ್ದು. ಮದ್ಯಪಾನ, ಧ್ವನಿವರ್ಧಕ ಮತ್ತು ಗಿಡ ಕೀಳುವುದನ್ನು ವರ್ಜಿಸತಕ್ಕದ್ದು. ಹುಲ್ಲುಗಾವಲಿನಲ್ಲಿ ಅಡ್ಡದಾರಿ ತುಳಿಯಬಾರದು. ತುಳಿದ ದಾರಿ ಮುಂದಿನ ಮಳೆಗೆ ಕೊರಕಲಾಗುತ್ತದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಕ್ಕಳನ್ನು ಕರೆದೊಯ್ಯಬಹುದೇ?
ಉತ್ತರ: ಚಿಕ್ಕ ಮಕ್ಕಳಿಗೆ ಈ ಚಾರಣ ಸೂಕ್ತವಲ್ಲ. ದಣಿದ ಮಗುವನ್ನು ಹೊತ್ತು ಇಳಿಯುವುದು ಇಬ್ಬರಿಗೂ ಅಪಾಯ.

ಪ್ರಶ್ನೆ: ದಾರಿಯಲ್ಲಿ ಊಟ ದೊರೆಯುವುದೇ?
ಉತ್ತರ: ಭಟ್ಟರ ಮನೆಯಲ್ಲಿ ಚಾರಣಿಗರಿಗೆ ಊಟ ನೀಡುವ ರೂಢಿ ಬಹುಕಾಲದಿಂದ ಇದೆ. ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು. ಅಲ್ಲಿಂದ ಮೇಲೆ ಹಾಗೂ ಬೀದಳ್ಳಿ ಮಾರ್ಗದ ಕಾಡಿನಲ್ಲಿ ಊಟ ಸಿಗುವುದಿಲ್ಲ.

ಪ್ರಶ್ನೆ: ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಗೆ ಇಳಿಯಬಹುದೇ?
ಉತ್ತರ: ಎರಡು ಮಾರ್ಗಗಳ ಅನುಮತಿಯ ಬಗ್ಗೆ ಅರಣ್ಯ ಇಲಾಖೆಯಿಂದ ಮೊದಲೇ ಖಚಿತಪಡಿಸಿಕೊಳ್ಳದೆ ಹಾಗೆ ಮಾಡತಕ್ಕದ್ದಲ್ಲ. ವಾಹನವು ಇನ್ನೊಂದು ಜಿಲ್ಲೆಯಲ್ಲಿ ನಿಂತಿರುವುದನ್ನೂ ಗಮನಿಸುವುದು.

ಪ್ರಶ್ನೆ: ಶಿಖರ ತಲುಪದೆ ಹಿಂತಿರುಗಿದರೆ ಚಾರಣ ವ್ಯರ್ಥವಾದಂತೆಯೇ?
ಉತ್ತರ: ಇಲ್ಲ. ಬೆಳಕಿರುವಾಗ ಎಲ್ಲರೂ ಕೆಳಗೆ ಬಂದು ಸೇರಿದರೆ ಆ ದಿನದ ಲೆಕ್ಕ ಸರಿಯಾಯಿತೆಂದೇ ಅರ್ಥ. ಪರ್ವತವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.

ಸಾರ್ವಜನಿಕರು ಮೇಲ್ಕಂಡ ಮಾಹಿತಿಯನ್ನು ತಮ್ಮ ತಂಡದ ಎಲ್ಲ ಸದಸ್ಯರಿಗೂ ಓದಿ ತಿಳಿಸಿ, ಸುರಕ್ಷಿತವಾಗಿ ಹೋಗಿ ಬರಬೇಕೆಂದು ಕೋರಲಾಗಿದೆ.